ನನ್ನ ಬೆನ್ನು ನೋಡಿದವರು

ನನ್ನ ಬೆನ್ನು ಸೊಟ್ಟಗಿದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಜನ ಎದುರಿಗಿದ್ದಾಗ ನೋಡಿಯೂ ನೋಡದ ಹಾಗೆ ಇರುತ್ತಾರೆ, ನಾನು ತಿರುಗಿ ಹೊರಟ ಮೇಲೆ ಚೆನ್ನಾಗಿ ನೋಡುತ್ತಾರೆ. ಬಲಗಡೆ ಭುಜದ ಕೆಳಗೆ ಎಲುಬು ಉಬ್ಬಿಕೊಂಡಿದೆ, ಎಡ ಸೊಂಟ ಒಳಕ್ಕೆ ಸೇರಿಕೊಂಡಿದೆ, ಸೀರೆಯನ್ನು ಎಷ್ಟು ಸರಿಮಾಡಿ ಉಟ್ಟರೂ ಒಂದು ಬದಿಯ ಅಂಚು ನೆಲ ಗುಡಿಸುತ್ತದೆ. ವಿಜಯವಾಡದ ಪಟಮಟದಲ್ಲಿ ಒಂದು ಜೂನಿಯರ್ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಹುಡುಗರು ನನಗೆ 'ಇಂಟಿಗ್ರಲ್ ಮೇಡಂ' ಎಂದು ಹೆಸರಿಟ್ಟಿದ್ದಾರೆಂದು ಗೊತ್ತಾದಾಗ ಮೈಯೆಲ್ಲ ಉರಿಯಿತು. ಆಮೇಲೆ ಬೋರ್ಡಿನ ಮೇಲೆ ಆ ಉದ್ದನೆಯ ಡೊಂಕು ಚಿಹ್ನೆ ಬರೆಯುವಾಗ, ಹೆಸರಿಟ್ಟವನಿಗೆ ಪಾಠವಂತೂ ತಲೆಗೆ ಹತ್ತಿದೆ ಎಂದು ಒಪ್ಪಿಕೊಳ್ಳಬೇಕಾಯಿತು.

ಬೆನ್ನು ಹೀಗೇಕೆ ಆಯಿತು ಎಂದು ಯಾರು ಕೇಳಿದರೂ ನನ್ನ ಹತ್ತಿರ ಸಿದ್ಧ ಉತ್ತರವಿತ್ತು. ಬಾಣಂತನದಲ್ಲಿ ನೀರು ಎತ್ತಿದ್ದು. ಅಷ್ಟು ಹೇಳಿದರೆ ಸಾಕು, ಕೇಳಿದವರು, ಅದರಲ್ಲೂ ಹೆಂಗಸರು, 'ಅಯ್ಯೋ ಪಾಪ' ಎಂದು ತಲೆಯಾಡಿಸುತ್ತಿದ್ದರು. ನಮ್ಮ ಹಾವೇರಿ ಕಡೆಯಾಗಲಿ ಈ ಕೃಷ್ಣೆಯ ದಂಡೆಯಾಗಲಿ, ಹೆಂಗಸಿನ ಮೈಗೆ ಏನೇ ಬಂದರೂ ಅದನ್ನು ಬಾಣಂತನದ ತಲೆಗೆ ಕಟ್ಟುವುದು ರೂಢಿ. ತಲೆನೋವು, ಮಂಡಿನೋವು, ಸಿಟ್ಟು, ಕೂದಲು ಉದುರುವುದು, ಎಲ್ಲ ಅಲ್ಲಿಂದಲೇ ಬಂದಿರಬೇಕು.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ನನ್ನದು ಆಗಲಿಲ್ಲ. ನಾನು ಬಸುರಿಯಾಗಿದ್ದಾಗ ಅಪ್ಪ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಅಮ್ಮ ಅವರನ್ನು ಬಿಟ್ಟು ಕದಲುವಂತಿರಲಿಲ್ಲ. ಹಾಗಾಗಿ ಪಟಮಟದ ಗಂಡನ ಮನೆಯಲ್ಲಿ ಅತ್ತೆಯೇ ಬಾಣಂತನ ಮಾಡಿದರು. ಅತ್ತೆ ಬಳ್ಳಾರಿ ಕಡೆಯವರು, ತೆಲುಗಿನವರನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಮಗನ ಜೊತೆ ಕನ್ನಡವನ್ನೇ ಆಡಿ ಬೆಳೆಸಿದ್ದರು, ಮನೆಯಲ್ಲಿ ಇನ್ನೊಬ್ಬಳು ಕನ್ನಡದವಳು ಬೇಕೆಂದು ಆಸೆಪಟ್ಟು ನನ್ನನ್ನು ತಂದುಕೊಂಡಿದ್ದರು. ಮಗು ಹುಟ್ಟಿದ್ದು ಸುಡು ಬೇಸಿಗೆಯಲ್ಲಿ. ಮನೆಯ ಮೋಟಾರು ಕೆಟ್ಟಿತು. ಅತ್ತೆಗೆ ಜ್ವರ. ಕೆಳಗಿನ ನಲ್ಲಿಯಿಂದ ನಾನೇ ಒಂದೆರಡು ದಿನ ಬಿಂದಿಗೆಯಲ್ಲಿ ನೀರು ತಂದೆ. ಯಾರೂ ತರಿಸಿದ್ದಲ್ಲ, ಮಗುವಿನ ಬಟ್ಟೆ ಒಗೆಯಬೇಕಿತ್ತು, ತಂದೆ.

ಮೊದಮೊದಲು ನನಗೆ ಎರೆಯಲು ಹೊರಗಿನ ಹೆಂಗಸೊಬ್ಬಳು ಬರುತ್ತಿದ್ದಳು. ಅವಳು ಬಿಟ್ಟ ಮೇಲೆ ಅತ್ತೆಯೇ ಎರೆಯತೊಡಗಿದರು. ಅದೇ ವಾರ ಅಪ್ಪನನ್ನು ನೆಂಟರಿಗೆ ಒಪ್ಪಿಸಿ ಅಮ್ಮ ಮಗುವನ್ನು ನೋಡಲು ಬಂದಳು. ನಾನು ಬಚ್ಚಲಲ್ಲಿ ಕೂತಿದ್ದೆ. ಅತ್ತೆ ಚೊಂಬನ್ನು ಕೈಯಲ್ಲೇ ಹಿಡಿದು ಕೂಗಿದರು. "ಬೀಗ್ತೀ, ಒಂದ್ಸಲ ಇಲ್ಲಿ ಬನ್ನಿ ಅಮ್ಮಾ. ಈ ಹುಡುಗಿ ಬೆನ್ನು ಇದೇನು ಹೀಗದೆ? ಮೊದಲಿಂದ ಹೀಗೇನಾ?"

ಅಮ್ಮ ಬಚ್ಚಲ ಬಾಗಿಲಲ್ಲಿ ನಿಂತಳು. ನನ್ನ ಬೆನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಅಂದಳು. "ಮೊದಲಿಂದ ಎಲ್ಲೈತ್ರೀ? ಬಂಗಾರದಂಥ ಹುಡುಗೀನ ಕೊಟ್ಟಿದ್ದೆ. ಹಸೀ ಮೈಯಾಗ ನೀರ ಹೊರಿಸಿ ಬೆನ್ನ ಮುರದೀರಿ ನೀವು."

ಅತ್ತೆ ತಿರುಗಿ ಒಂದು ಮಾತೂ ಆಡಲಿಲ್ಲ. ಹಂಡೆಯಲ್ಲಿ ಉಳಿದಿದ್ದ ನೀರನ್ನು ನಿಧಾನವಾಗಿ ನನ್ನ ಮೈಮೇಲೆ ಎರೆದು ಮುಗಿಸಿದರು.

ಅಂದಿನಿಂದ ಸಾಯುವವರೆಗೆ ಅವರು ಆ ತಪ್ಪನ್ನು ಹೊತ್ತುಕೊಂಡೇ ಬದುಕಿದರು. ನನ್ನ ಕೈಯಿಂದ ತುಂಬಿದ ಪಾತ್ರೆ ಕಸಿದುಕೊಳ್ಳುತ್ತಿದ್ದರು. "ನೀನು ಎತ್ತಬೇಡಮ್ಮಾ, ನಾ ಇದೀನಿ ಕದಾ." ಅಲ್ಲವೇ ಅನ್ನುವುದಕ್ಕೆ ಅವರ ಬಾಯಲ್ಲಿ ತೆಲುಗಿನ 'ಕದಾ' ಬರುತ್ತಿತ್ತು. ಮನೆಗೆ ಬಂದವರು ನನ್ನ ಬೆನ್ನು ನೋಡಿದರೆ, ಅವರು ಕೇಳುವ ಮೊದಲೇ "ನಾನೇ ಹಾಳು ಮಾಡಿದ್ದು" ಎಂದು ತಾವಾಗಿ ಹೇಳುತ್ತಿದ್ದರು. ವಯಸ್ಸಾಗಿ ತಮ್ಮ ಸೊಂಟವೇ ಬಾಗಿದ ಮೇಲೂ ಭಾನುವಾರ ಎಳ್ಳೆಣ್ಣೆ ಬಿಸಿಮಾಡಿಕೊಂಡು ಬಂದು ನನ್ನ ಬೆನ್ನ ಹಿಂದೆ ಕೂರುತ್ತಿದ್ದರು. ಅವರು ಮುಟ್ಟಿದಲ್ಲೆಲ್ಲ ನನಗೆ ಹಿತವಾಗುತ್ತಿತ್ತು, ಆದರೂ ಬಾಯಿ ತುಂಬ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಬೆನ್ನು ಮುರಿದವರು ಎಣ್ಣೆ ಹಚ್ಚಲಿ ಎಂಬ ಭಾವ ನನ್ನಲ್ಲಿತ್ತು.

ಅವರು ತೀರಿಕೊಂಡ ಮೇಲೆ ನನ್ನ ನೋವು ಜೋರಾಯಿತು. ಮೊದಲು ಪಾಠ ಮಾಡುವಾಗ ಮೇಜಿಗೆ ಒರಗುತ್ತಿದ್ದೆ, ಆಮೇಲೆ ಕುರ್ಚಿ ಹಾಕಿಸಿಕೊಂಡೆ. ಕೊನೆಗೆ ಎಡಗಾಲು ಜೋಮು ಹಿಡಿಯತೊಡಗಿತು. ಒಂದು ದಿನ ಸಿಟಿ ಬಸ್ಸಿನಿಂದ ಇಳಿದು ಮನೆಯವರೆಗೆ ನಡೆದು ಬಂದು ನೋಡುತ್ತೇನೆ, ಎಡಗಾಲಿನ ಚಪ್ಪಲಿ ಇಲ್ಲ. ಎಲ್ಲಿ ಕಳಚಿ ಬಿತ್ತೋ ಗೊತ್ತಿಲ್ಲ, ಕಾದ ಟಾರಿನ ಮೇಲೆ ಬರಿಗಾಲಲ್ಲಿ ನಡೆದದ್ದೂ ಗೊತ್ತಾಗಿಲ್ಲ. ಅಂಗಾಲಿನಲ್ಲಿ ಗುಳ್ಳೆ ಎದ್ದಿತ್ತು. ಅವತ್ತು ನಿಜವಾಗಿ ಹೆದರಿದೆ.

ನನ್ನ ಗಂಡ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರು. ಒಂದು ಫ್ಯಾನು ಕೊಳ್ಳಬೇಕಾದರೂ ನಾಲ್ಕು ಅಂಗಡಿ ಅಲೆದು ಅಂಗಡಿಯವರ ತಲೆ ತಿನ್ನುವ ಮನುಷ್ಯ. ಆದ್ದರಿಂದ ಸರ್ಜನ್ ಹುಡುಕುವ ಕೆಲಸಕ್ಕೆ ಅವರು ಬಿದ್ದದ್ದು ನನಗೆ ಆಶ್ಚರ್ಯವಾಗಲಿಲ್ಲ. ಅವರ ಹಟ ಮಾತ್ರ ಆಶ್ಚರ್ಯ ತಂದಿತು. ನಾನು ಕಾಲಿನ ಮಾತಾಡಿದರೆ ಅವರು ಬೆನ್ನಿನ ಮಾತಾಡುತ್ತಿದ್ದರು. "ನೆಟ್ಟಗಾಗಬೇಕು," ಅನ್ನುತ್ತಿದ್ದರು. "ಪೂರ್ತಿ ನೆಟ್ಟಗೆ." ಇಷ್ಟು ವರ್ಷ ನನ್ನ ಬೆನ್ನಿನ ಬಗ್ಗೆ ತುಟಿ ಬಿಚ್ಚದವರಿಗೆ ಈಗೇನು ಬಂತು ಎಂದು ನನಗೆ ತಿಳಿಯಲಿಲ್ಲ.

ಮೊದಲು ಹೋದದ್ದು ಗಂಡನ ದೊಡ್ಡಪ್ಪನ ಮಗ ಹೇಳಿದ ಡಾಕ್ಟರ ಬಳಿಗೆ. ಈ ಊರಿನಲ್ಲಿ ಡಾಕ್ಟರ ಬಗ್ಗೆ ಹೇಳುವಾಗ ಮೊದಲು ಬರುವ ಮಾತು ಅವರ ಓದಲ್ಲ, "ಮನವಾಳ್ಳೇ" ಎಂಬುದು. ನಮ್ಮವರೇ. ನಮ್ಮವರು ಎಂದ ಮೇಲೆ ಮತ್ತೇನು ಕೇಳುವುದು? ಕಾಯುವ ಜಾಗದಲ್ಲಿ ನೋಡಿದರೆ ಎಲ್ಲರೂ ಮಂಡಿ ಹಿಡಿದುಕೊಂಡು ಕೂತಿದ್ದಾರೆ. ಗೋಡೆಯ ಮೇಲೆ ಮಂಡಿಯ ಚಿತ್ರ, ಮೇಜಿನ ಮೇಲೆ ಪ್ಲಾಸ್ಟಿಕ್ ಮಂಡಿ. ಡಾಕ್ಟರು ನನ್ನ ಎಕ್ಸ್‌ರೇ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿ, ಕಥೆ ಕೇಳಿ, "ಓ, ಡೆಲಿವರಿ ಆದಮೇಲಾ" ಎಂದು ತಲೆಯಾಡಿಸಿ, ಬೆಲ್ಟು, ಕ್ಯಾಲ್ಸಿಯಂ ಬರೆದುಕೊಟ್ಟರು. ದೊಡ್ಡಪ್ಪನ ಮಗನ ಆರೋಗ್ಯವನ್ನು ಮಾತ್ರ ಬಹಳ ಹೊತ್ತು ವಿಚಾರಿಸಿದರು.

ಎರಡನೆಯವರು ವಿಜಯವಾಡದ ದೊಡ್ಡ ಆಸ್ಪತ್ರೆಯೊಂದರ ಯುವ ಸರ್ಜನ್. ಚುರುಕು ಮನುಷ್ಯ, ಹಸನ್ಮುಖಿ. ಕಥೆ ಕೇಳಿ ಅವರೂ ತಲೆಯಾಡಿಸಿದರು. ಆಮೇಲೆ ತಮ್ಮ ಫೋನಿನಲ್ಲಿ ಒಬ್ಬ ಹುಡುಗಿಯ ಎರಡು ಫೋಟೋ ತೋರಿಸಿದರು. ಆಪರೇಷನ್ನಿಗೆ ಮೊದಲು ನನ್ನ ಹಾಗೆ ಡೊಂಕು, ಆಮೇಲೆ ಗೆರೆ ಎಳೆದ ಹಾಗೆ ನೆಟ್ಟಗೆ. ಕುತ್ತಿಗೆಯ ಬುಡದಿಂದ ಸೊಂಟದವರೆಗೆ ಎರಡು ರಾಡು ಹಾಕಿ, ಸ್ಕ್ರೂ ಬಿಗಿದು, ಹೀಗೆ ಮಾಡಿಬಿಡುತ್ತೇವೆ ಎಂದರು. ಹೇಳಿದ್ದು ನನಗಲ್ಲ, ನನ್ನ ಗಂಡನಿಗೆ.

"ಈ ಹುಡುಗಿಗೆ ವಯಸ್ಸೆಷ್ಟು?" ಎಂದು ಕೇಳಿದೆ.

"ಹದಿನಾರಿರಬಹುದು ಮೇಡಂ."

"ನನ್ನ ವಯಸ್ಸಿನ ಎಷ್ಟು ಜನಕ್ಕೆ ಮಾಡಿದ್ದೀರಿ?"

ಅವರು ನಕ್ಕರು. "ಮೇಡಂ ಪಾಸಿಟಿವ್ ಆಗಿರಬೇಕು, ಹೇಳಿ ಸಾರ್ ನೀವು." ನನ್ನ ಗಂಡ ಕೂಡ ನಕ್ಕರು. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗರು ಹಾಳೆ ತುಂಬ ಬರೆಯುವುದನ್ನು ನಾನು ಎಷ್ಟು ನೋಡಿಲ್ಲ! ಈ ಸರ್ಜನ್ ನನ್ನನ್ನು ನಡೆಸಿ ನೋಡಲಿಲ್ಲ, ಜೋಮು ಹಿಡಿದ ಕಾಲನ್ನು ಮುಟ್ಟಲಿಲ್ಲ. ಎಲ್ಲ ಗೊತ್ತಾಗುತ್ತಿತ್ತು. ಆದರೂ ಆ ಫೋಟೋ ಮನಸ್ಸಿನಿಂದ ಹೋಗಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಕನ್ನಡಿಗೆ ಬೆನ್ನು ಕೊಟ್ಟು ನಿಂತೆ. ಒಂದು ಸಲವಾದರೂ ನೆಟ್ಟಗೆ ನಿಲ್ಲಬೇಕು, ಸೀರೆಯ ಅಂಚು ಎರಡೂ ಕಡೆ ಸಮವಾಗಿ ಬೀಳಬೇಕು, ಕಾರಿಡಾರಿನಲ್ಲಿ ಹೋಗುವಾಗ ಹಿಂದೆ ಯಾರಿದ್ದಾರೆಂದು ಯೋಚಿಸಬಾರದು. ಈ ವಯಸ್ಸಿನಲ್ಲಿ ಇಂಥ ಆಸೆಯೇ ಎಂದು ನಾಚಿಕೆಯಾಯಿತು, ಅಳುವೂ ಬಂತು. ಆಪರೇಷನ್ನಿಗೆ ಅವರಲ್ಲೇ ದಿನ ಗೊತ್ತುಮಾಡುವುದೆಂದು ಗಂಡ ಹೇಳಿದಾಗ ನಾನು ಬೇಡ ಅನ್ನಲಿಲ್ಲ.

ಅಡ್ಡಬಂದವಳು ಮಗಳು. ಅವಳು ವಿಶಾಖಪಟ್ಟಣದಲ್ಲಿ, ಮಧುರವಾಡದ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಕೊಡುವ ಪೈಕಿ. ಬೆನ್ನುಮೂಳೆಯೊಂದನ್ನೇ ನೋಡುವ ಹಿರಿಯ ಸರ್ಜನ್ ಒಬ್ಬರು ಅಲ್ಲಿದ್ದಾರೆ, ತನ್ನ ಜೊತೆ ಕೆಲಸ ಮಾಡುವವಳ ಅತ್ತೆಗೆ ಮಾಡಿದ್ದಾರೆ, ಒಂದು ಸಲ ತೋರಿಸದೆ ಯಾರ ಕೈಗೂ ಬೆನ್ನು ಕೊಡಬೇಡ ಎಂದು ಪಟ್ಟು ಹಿಡಿದಳು. ಗಂಡನಿಗೆ ಇಷ್ಟವಿರಲಿಲ್ಲ. ಆದರೆ ಮಗಳ ಮಾತು ಮೀರುವ ಅಪ್ಪ ಅವರಲ್ಲ.

ಅಷ್ಟರಲ್ಲಿ ಆಪರೇಷನ್ ಸುದ್ದಿ ಕೇಳಿ ಅಮ್ಮ ಹಾವೇರಿಯಿಂದ ಬಂದಿದ್ದಳು. ಅಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು, ಅಣ್ಣನ ಮನೆಯಲ್ಲಿರುತ್ತಿದ್ದಳು. "ಬಾಣಂತನ ಅಂತೂ ನನ್ನ ಕೈಲೆ ಆಗಲಿಲ್ಲ, ಇದನ್ನರೆ ಮಾಡತೇನಿ," ಎಂದು ಕುಪ್ಪಸದ ಗಂಟು, ಔಷಧಿಯ ಗಂಟು, ಕುಟ್ಟಿದ ಖಾರದ ಡಬ್ಬಿ ಹೊತ್ತುಕೊಂಡು ಇಳಿದಳು. ವಿಶಾಖಪಟ್ಟಣಕ್ಕೆ ನಾವಿಬ್ಬರೇ ಹೋಗಿ ಬರುತ್ತೇವೆಂದರೆ ಒಪ್ಪಲಿಲ್ಲ. ಮೂವರೂ ಬೆಳಗಿನ ರೈಲು ಹತ್ತಿದೆವು. ಗೋದಾವರಿ ಸೇತುವೆ ಬಂದಾಗ ಅಮ್ಮ ಸೆರಗಿನ ಗಂಟಿನಿಂದ ಒಂದು ನಾಣ್ಯ ಬಿಚ್ಚಿ ಕಿಟಕಿಯಿಂದ ಎಸೆದು ಕೈಮುಗಿದಳು. ಏನು ಬೇಡಿಕೊಂಡೆ ಎಂದರೆ ಹೇಳಲಿಲ್ಲ.

ಆ ಸರ್ಜನ್ ತೆಳ್ಳಗಿನ ಮನುಷ್ಯ, ಮಾತು ಮೆಲ್ಲಗೆ. ಒಳಗೆ ಹೋದ ಕೂಡಲೇ ಕೂರಲು ಹೇಳಲಿಲ್ಲ. ಚಪ್ಪಲಿ ಬಿಟ್ಟು ಕಾರಿಡಾರಿನ ಆ ತುದಿಯವರೆಗೆ ನಡೆದು ಬನ್ನಿ ಎಂದರು. ಬಾಗಿಲಲ್ಲಿ ನಿಂತು ನಾನು ಹೋಗುವುದನ್ನೂ ಬರುವುದನ್ನೂ ನೋಡಿದರು. ಹಿಮ್ಮಡಿಯ ಮೇಲೆ ನಡೆಯಿರಿ, ಬೆರಳ ಮೇಲೆ ನಡೆಯಿರಿ ಎಂದರು. ಎಡಗಾಲು ಮಾತು ಕೇಳಲಿಲ್ಲ. ಮೂಳೆಯ ಸಾಂದ್ರತೆ, ಉಸಿರು ಎಲ್ಲ ಪರೀಕ್ಷೆ ಮಾಡಿಸಿ, ನಿಂತು ತೆಗೆಸಿದ ಉದ್ದನೆಯ ಎಕ್ಸ್‌ರೇ ಬೇಕೆಂದು ಮತ್ತೆ ತೆಗೆಸಿದರು. ಅದನ್ನು ದೀಪದ ಹಲಗೆಗೆ ಸಿಕ್ಕಿಸಿ, ಅದರ ಕಡೆ ನೋಡದೆ ನನ್ನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು. "ನಿಮಗೆ ಏನು ಮಾಡಲಿಕ್ಕೆ ಆಗುತ್ತಿಲ್ಲ, ಹೇಳಿ."

ನನ್ನ ಗಂಡ ಬಾಯಿ ತೆರೆದರು. "ಸಾರ್, ನಿಮ್ಮದು ಆಮೇಲೆ," ಎಂದರು ಸರ್ಜನ್. ಅಷ್ಟಕ್ಕೇ ನಾನು ಅವರಿಗೆ ಮನಸೋತೆ.

ಒಂದು ತರಗತಿ ನಿಂತು ಮುಗಿಸಲಾಗುತ್ತಿಲ್ಲ ಎಂದೆ. ಕಳೆದುಹೋದ ಚಪ್ಪಲಿಯ ಕಥೆ ಹೇಳಿದೆ. ಯಾವಾಗಿನಿಂದ ಎಂದು ಕೇಳಿದರು. ನನ್ನ ಸಿದ್ಧ ಉತ್ತರ ಕೊಟ್ಟೆ. ಬಾಣಂತನದಲ್ಲಿ ನೀರು ಎತ್ತಿದ್ದು.

ಅವರು ತಲೆಯಾಡಿಸಲಿಲ್ಲ. "ನೀರು ಎತ್ತಿದರೆ ಬೆನ್ನು ಹೀಗಾಗುವುದಿಲ್ಲಮ್ಮಾ," ಎಂದರು. ಪೆನ್ನಿನ ತುದಿಯಿಂದ ಫಿಲ್ಮಿನ ಮೇಲೆ ಒಂದೊಂದೇ ಮೂಳೆ ತೋರಿಸಿದರು. ಒಂದು ಬದಿ ದಪ್ಪ, ಇನ್ನೊಂದು ಬದಿ ಸಣ್ಣ. ಮೂಳೆ ಹೀಗೆ ಆಗುವುದು ಬೆಳೆಯುವಾಗ. ಇದು ನೀವು ಲಂಗ ತೊಡುತ್ತಿದ್ದ ವಯಸ್ಸಿನಲ್ಲಿ ಶುರುವಾಗಿದೆ, ಮದುವೆಯ ಹೊತ್ತಿಗೆ ಸಾಕಷ್ಟು ತಿರುಗಿರಬೇಕು, ಆಮೇಲೆ ಮೆಲ್ಲಮೆಲ್ಲಗೆ ಹೆಚ್ಚಿದೆ. "ಯಾರೂ ನೋಡಲಿಲ್ಲವೇ? ಚಿಕ್ಕಂದಿನಲ್ಲಿ ನಿಮಗೆ ಸ್ನಾನ ಮಾಡಿಸಿದವರು ಯಾರು?"

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅಮ್ಮನ ಕಡೆ ನಾನು ತಿರುಗಿದೆ. ಅವಳಿಗೆ ತೆಲುಗು ಬರುವುದಿಲ್ಲ. "ಏನಂತಾರವಾ?" ಎಂದಳು.

"ಸಣ್ಣಾಕಿ ಇದ್ದಾಗ ನನ್ನ ಬೆನ್ನು ಯಾರರ ನೋಡಿದ್ರೇನು ಅಂತ ಕೇಳಾಕತ್ತಾರ."

ಇಲ್ಲ ಅನ್ನುತ್ತಾಳೆ, ನಾನು ಇಲ್ಲ ಎಂದು ತೆಲುಗಿನಲ್ಲಿ ಹೇಳುತ್ತೇನೆ ಎಂದುಕೊಂಡಿದ್ದೆ. ಅಮ್ಮ ಎಕ್ಸ್‌ರೇ ಕಡೆ ನೋಡಿದಳು. ಕತ್ತಲಲ್ಲಿ ಬೆಳ್ಳಗೆ ಡೊಂಕಾಗಿ ನಿಂತಿದ್ದ ನನ್ನ ಮೂಳೆ ಅವಳ ಮುಖದ ಮಟ್ಟಕ್ಕೇ ಇತ್ತು.

"ನಾ ನೋಡೇನಿ," ಎಂದಳು.

ಡಾಕ್ಟರು ನನ್ನ ಮುಖ ನೋಡಿದರು. ನಾನು ತೆಲುಗಿಗೆ ತಿರುಗಿಸಿದೆ. 'ತಾನು ನೋಡಿದ್ದೇನೆ ಅನ್ನುತ್ತಿದ್ದಾರೆ.'

ಆಮೇಲೆ ಅಮ್ಮ ನಿಲ್ಲಿಸಲಿಲ್ಲ. "ಎಣ್ಣಿ ಹಚ್ಚಿ ಎರಿಯೂವಾಗ ಕೈಗೆ ಹತ್ತಿತ್ತು. ಜ್ವರಕ್ಕ ನೋಡಾಕ ಬಂದಿದ್ದ ಡಾಕ್ಟರಿಗೆ ತೋರಿಸಿದೆ. ಹುಬ್ಬಳ್ಳಿಗೆ ಕರಕೊಂಡು ಹೋಗ್ರಿ, ಪಟ್ಟಾ ಕಟ್ಟತಾರ, ಹಗಲೂ ರಾತ್ರಿ ಕಟ್ಟಿರಬೇಕು, ಒಂದೆರಡು ವರ್ಷ ಅಂದ್ರು. ಪಟ್ಟಾ ಕಟ್ಟಿದ ಹುಡುಗೀನ ಯಾರ ಮಾಡ್ಕೋತಾರ್ರೀ? ನಿಮ್ಮ ಅಪ್ಪಗೂ ಹೇಳಲಿಲ್ಲ. ನಿನಗೂ ಹೇಳಲಿಲ್ಲ. ದರ್ಜಿ ಕಡೆ ಕಳಸಲಿಲ್ಲ, ನಿನ್ನ ಕುಪ್ಪಸ ಎಲ್ಲಾ ನಾನ ಹೊಲದೆ, ತಗ್ಗ ಇದ್ದ ಕಡೆ ಒಳಗ ಅರಿವಿ ಇಟ್ಟು ಹೊಲದೆ."

ನಾನು ಒಂದೊಂದು ವಾಕ್ಯವನ್ನೂ ತೆಲುಗಿಗೆ ತಿರುಗಿಸಿದೆ. ತಿರುಗಿಸುವುದು ನನ್ನ ರೂಢಿ. ಅಮ್ಮ ಬಂದಾಗಲೆಲ್ಲ ತರಕಾರಿಯವಳಿಂದ ಹಿಡಿದು ಬ್ಯಾಂಕಿನವರೆಗೆ ಅವಳ ಮಾತನ್ನು ನಾನೇ ತಿರುಗಿಸುತ್ತೇನೆ. ಬಾಯಿ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. 'ಬ್ಲೌಸಿನ ಒಳಗೆ ಬಟ್ಟೆ ಇಟ್ಟು ಹೊಲಿದರಂತೆ' ಎಂದು ಹೇಳುವಾಗಲೇ ಅದು ನನ್ನ ಬ್ಲೌಸು ಎಂದು ನನಗೆ ಹೊಳೆದದ್ದು. ಅಮ್ಮನ ಹೊಲಿಗೆ ಯಾವಾಗಲೂ ದಪ್ಪ ಎಂದು ಗೆಳತಿಯರ ಮುಂದೆ ನಗುತ್ತಿದ್ದೆ ನಾನು.

"ಬೀಗತಿ ಬಚ್ಚಲದಾಗ ಕೇಳಿದಾಗ ನನಗ ಏನೂ ತಿಳೀಲಿಲ್ಲ," ಎಂದಳು ಅಮ್ಮ. "ಹುಡುಗೀನ ತಿರುಗಿ ಕಳಸ್ತಾರ ಅಂತ ಅಂಜಿಕಿ ಬಂತು. ಕೈಯಾಗ ಕೂಸು ಬ್ಯಾರೆ. ಬಾಯಿಗೆ ಬಂದದ್ದು ಅಂದುಬಿಟ್ಟೆ. ಅವರು ಒಂದ ಮಾತರ ತಿರುಗಿ ಅಂದಿದ್ರ ಆಗಿತ್ತು. ಅನಲಿಲ್ಲ."

ಇದನ್ನು ತಿರುಗಿಸಲಿಲ್ಲ. ಡಾಕ್ಟರಿಗೆ ಅದರ ಅಗತ್ಯವಿರಲಿಲ್ಲ. ತಿಳಿಯಬೇಕಾದವರಿಗೆ ಕನ್ನಡವೇ ತಿಳಿಯುತ್ತಿತ್ತು. ನನ್ನ ಗಂಡ ಎದ್ದು, ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ, ಹೊರಗೆ ಹೋದರು.

ಸರ್ಜನ್ ನನ್ನ ಕಡೆ ತಿರುಗಿ, ನಿಮಗೆ ಹೆಣ್ಣುಮಕ್ಕಳಿದ್ದಾರೆಯೇ, ಅವರ ಬೆನ್ನು ನೋಡಿದ್ದೀರಾ ಎಂದು ಕೇಳಿದರು. ನಾನು ನೋಡಿರಲಿಲ್ಲ, ಬಾಣಂತನದ ಬೆನ್ನು ಮಗಳಿಗೆ ಬರುತ್ತದೆಯೇ? ಮಾತು ತನ್ನ ಮೊಮ್ಮಗಳದ್ದೆಂದು ಅಮ್ಮನಿಗೆ ಹೇಗೋ ತಿಳಿಯಿತು. "ಆಕೀದು ನಾ ನೋಡೇನಿ. ಬಂದಾಗೊಮ್ಮೆ ಎಣ್ಣಿ ಹಚ್ಚತಿದ್ನಲ್ಲ, ನೋಡಾಕಂತನ ಹಚ್ಚತಿದ್ದೆ. ನೆಟ್ಟಗೈತಿ." ಆದರೂ ಕರೆದುಕೊಂಡು ಬನ್ನಿ ಎಂದರು ಸರ್ಜನ್. ಮರುದಿನ ಮಗಳನ್ನು ಮುಂದಕ್ಕೆ ಬಾಗಿಸಿ ನೋಡಿ, ಏನೂ ಇಲ್ಲ ಎಂದರು. ಅಮ್ಮನ ಕೈ ತಪ್ಪು ಹೇಳಿರಲಿಲ್ಲ.

ಆ ಮೊದಲ ದಿನವೇ ಸರ್ಜನ್ ನನ್ನ ವಿಷಯಕ್ಕೂ ಬಂದರು. ನಿಮ್ಮ ಬೆನ್ನನ್ನು ನೆಟ್ಟಗೆ ಮಾಡುವ ಪ್ರಯತ್ನ ನಾನು ಮಾಡುವುದಿಲ್ಲ ಎಂದರು. ಹದಿಮೂರರಲ್ಲಿ ಪಟ್ಟಾದಿಂದ ನಿಲ್ಲಿಸಬಹುದಿತ್ತು. ಹದಿನಾರರಲ್ಲಿ ರಾಡು ಹಾಕಿ ಬಹಳಷ್ಟು ತಿದ್ದಬಹುದಿತ್ತು. ಈಗ ಮೂಳೆ ಗಡುಸಾಗಿದೆ, ಸಾಂದ್ರತೆ ಕಡಿಮೆ, ಉಸಿರಿನ ಪರೀಕ್ಷೆಯೂ ಚೆನ್ನಾಗಿಲ್ಲ. ಮೇಲಿನಿಂದ ಕೆಳಗಿನವರೆಗೆ ಬಿಗಿದರೆ ಸ್ಕ್ರೂ ಸಡಿಲವಾಗಬಹುದು, ಇನ್ನೊಂದು ಆಪರೇಷನ್ ಬೇಕಾಗಬಹುದು, ಕಾಲಿಗೇ ಅಪಾಯವಾಗಬಹುದು. ಕೆಳಗೆ ಕಾಲಿನ ನರ ಸಿಕ್ಕಿಕೊಂಡಿರುವ ಜಾಗವಷ್ಟನ್ನು ಬಿಡಿಸಿ, ಅಲ್ಲಿನ ಕೆಲವೇ ಮೂಳೆಗಳನ್ನು ಸೇರಿಸಿ ನಿಲ್ಲಿಸುತ್ತೇನೆ. ಅದಕ್ಕೂ ಮೊದಲು ಕೆಲವು ತಿಂಗಳು ಮೂಳೆಗೆ ಔಷಧಿ. "ನಿಮಗೆ ನಡೆಯಲಿಕ್ಕೆ ಬರಬೇಕು, ನಿಂತು ಪಾಠ ಮಾಡಬೇಕು. ಅದಕ್ಕೆ ಎಷ್ಟು ಬೇಕೋ ಅಷ್ಟು. ನೋಡುವವರಿಗಾಗಿ ನಾನು ಆಪರೇಷನ್ ಮಾಡುವುದಿಲ್ಲ." ಬೇಕಿದ್ದರೆ ಇನ್ನೊಬ್ಬರಿಗೂ ತೋರಿಸಿ ಬನ್ನಿ, ನನಗೆ ಬೇಸರವಿಲ್ಲ ಎಂದೂ ಹೇಳಿದರು.

ನನಗೆ ಬೇಕಾದ ಸರ್ಜನ್ ಇವರೇ ಎಂದು ಆಗಲೇ ಗೊತ್ತಾಯಿತು. ಗೊತ್ತಾದದ್ದರಿಂದಲೇ ದುಃಖ ಉಮ್ಮಳಿಸಿತು. ಸುಳ್ಳು ಹೇಳುವವರಾಗಿದ್ದರೆ ಇವರ ಮಾತನ್ನು ತಳ್ಳಿಹಾಕಿ ಆ ಫೋಟೋದ ಹುಡುಗಿಯ ಹಿಂದೆ ಹೋಗಬಹುದಿತ್ತು. ಇನ್ನು ನಾನು ನೆಟ್ಟಗೆ ನಿಲ್ಲುವುದಿಲ್ಲ, ಸಾಯುವವರೆಗೂ ಇಲ್ಲ. ಅವರ ಮೇಜಿನ ಮುಂದೆಯೇ ಅತ್ತುಬಿಟ್ಟೆ. ಅವರು ಫೋನು ಬಂದರೂ ತೆಗೆಯದೆ ನನ್ನ ಎದುರಿಗೇ ಕೂತಿದ್ದರು.

ಮಗಳ ಮನೆಗೆ ಹೇಗೆ ಬಂದೆವೋ. ಅಮ್ಮ ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಮಗಳು "ಅಮ್ಮಮ್ಮ, ಅನ್ನಂ ತಿನು" ಎಂದು ಎರಡು ಸಲ ಕರೆದಳು, ಏಳಲಿಲ್ಲ. ನನಗೂ ಕರೆಯುವ ಮನಸ್ಸಾಗಲಿಲ್ಲ. ನನಗೆ ಬಂದಿದ್ದ ಸಿಟ್ಟಿಗೆ ಅವಳನ್ನು ಅದೇ ಸಂಜೆ ರೈಲು ಹತ್ತಿಸಬೇಕೆನಿಸಿತ್ತು. ಕೊನೆಗೆ ತಟ್ಟೆಗೆ ಅನ್ನ, ಬೇಳೆಯ ಪಪ್ಪು ಬಡಿಸಿಕೊಂಡು ಹೋದವರು ನನ್ನ ಗಂಡ. "ಅತ್ತೇ, ಊಟ ಮಾಡಿ. ಮಾತ್ರೆ ತಗೋಬೇಕು ಕದಾ ನೀವು," ಎಂದು ತಟ್ಟೆಯನ್ನು ಅವಳ ಪಕ್ಕದಲ್ಲಿಟ್ಟು ಬಂದರು. ಅಮ್ಮ ಊಟ ಮಾಡಿದಳು, ಅಳುತ್ತಲೇ ಮಾಡಿದಳು.

ಸಂಜೆ ಬಾಲ್ಕನಿಯಲ್ಲಿ ನಾನು, ನನ್ನ ಗಂಡ ಇಬ್ಬರೇ ಇದ್ದೆವು. ಎದುರಿಗೆ ಇನ್ನೂ ಕಟ್ಟುತ್ತಿರುವ ಅಪಾರ್ಟ್‌ಮೆಂಟು, ಅದರಾಚೆ ಗುಡ್ಡ. ಅವರೇ ಮಾತು ತೆಗೆದರು.

"ನಮ್ಮಮ್ಮ ಐಸಿಯುನಲ್ಲಿದ್ದಾಗ, ನೀನು ಹೊರಗೆ ಕೂತಿದ್ದೆ. ಮೂಗಿಗೆ ನಳಿಕೆ ಹಾಕಿದ್ರು, ಮಾತು ಸರಿಯಾಗಿ ಬರ್ತಿರಲಿಲ್ಲ. 'ಆ ಹುಡುಗಿ ಬೆನ್ನು ನೆಟ್ಟಗೆ ಮಾಡಿಸೋ, ನಾನು ಹಾಳು ಮಾಡಿದೀನಿ' ಅಂದ್ಲು. ಕೊನೇಗೆ ಹೇಳಿದ್ದು ಅದೇನೇ. ದೇವರ ಹೆಸರು ಹೇಳಲಿಲ್ಲ, ನನ್ನ ಹೆಸರೂ ಹೇಳಲಿಲ್ಲ."

ನಾನು ರೇಲಿಂಗು ಹಿಡಿದುಕೊಂಡೆ.

"ನಿನ್ನ ಕಾಲಿಗೋಸ್ಕರ ಸರ್ಜನ್ನ ಹುಡುಕ್ತಿದೀನಿ ಅಂತ ನೀನು ತಿಳ್ಕೊಂಡಿದ್ದೆ," ಎಂದರು. "ನಾನು ಅಮ್ಮನ ತಪ್ಪು ಸರಿಮಾಡ್ಸೋಕೆ ಹುಡುಕ್ತಿದ್ದೆ. ಅದಕ್ಕೇ ಆ ಡಾಕ್ಟರು ನೆಟ್ಟಗೆ ಮಾಡ್ತೀನಿ ಅಂದ ಕೂಡಲೇ ಹಿಂದೆ ಮುಂದೆ ನೋಡದೆ ಒಪ್ಕೊಂಡುಬಿಟ್ಟೆ. ನಿನ್ನನ್ನು ಅವನ ಟೇಬಲ್ ಮೇಲೆ ಮಲಗಿಸಿಬಿಡ್ತಿದ್ದೆ." ಗುಡ್ಡದ ಕಡೆ ತಿರುಗಿ ಮತ್ತೆ ಅಂದರು. "ಅವಳು ಏನೂ ಮಾಡಿರಲಿಲ್ಲ. ಅದನ್ನ ಅವಳಿಗೆ ಒಂದ್ಸಲ ಹೇಳೋದಿತ್ತು. ಒಂದೇ ಸಲ."

ಅವರು ಅಷ್ಟು ಜೋರಾಗಿ ಅತ್ತದ್ದನ್ನು ನಾನು ಅವರ ತಾಯಿ ಹೋದ ದಿನವೂ ನೋಡಿರಲಿಲ್ಲ. ಸಮಾಧಾನ ಮಾಡಲು ನನಗೆ ಯಾವ ಮುಖವಿತ್ತು? ಎಷ್ಟು ಭಾನುವಾರ ಆ ಮುದುಕಿಗೆ ಬೆನ್ನು ಕೊಟ್ಟು ಗತ್ತಿನಿಂದ ಕೂತಿದ್ದೆನಲ್ಲ. ಒಳಗಿನಿಂದ ಅಮ್ಮ ತಟ್ಟೆ ತೊಳೆಯುವ ಸದ್ದು ಬರುತ್ತಿತ್ತು. ಅವಳ ಮೇಲೆ ಕೂಗಾಡಬೇಕೆಂದು ಕಟ್ಟಿಕೊಂಡಿದ್ದ ಮಾತುಗಳಲ್ಲಿ ಒಂದೂ ಆಮೇಲೆ ಬಾಯಿಗೆ ಬರಲಿಲ್ಲ. ಹದಿಮೂರು ವರ್ಷದ ಹುಡುಗಿಯ ಬೆನ್ನನ್ನು ಒಬ್ಬಳೇ ನೋಡಿ, ಒಬ್ಬಳೇ ಹೆದರಿ, ಒಬ್ಬಳೇ ಕುಪ್ಪಸ ಹೊಲಿದ ಹೆಂಗಸು ಅವಳು. ಅವಳನ್ನು ಕ್ಷಮಿಸಿದೆ ಎಂದು ಹೇಳಲಾರೆ. ಕ್ಷಮಿಸಬೇಕಾದವರು ನಾನೊಬ್ಬಳೇ ಆಗಿರಲಿಲ್ಲ.

ಮೂಳೆಯ ಔಷಧಿಯ ತಿಂಗಳುಗಳು ಕಳೆದವು. ಅಮ್ಮ ಊರಿಗೆ ಹೋಗಲಿಲ್ಲ, ಹೋಗೆಂದು ನಾವೂ ಹೇಳಲಿಲ್ಲ. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ವಿಶಾಖಪಟ್ಟಣದ ಆ ಆಸ್ಪತ್ರೆಗೆ ಸೇರಿದೆ. ಎಳೆ ವಯಸ್ಸಿನ ನರ್ಸ್ ಒಬ್ಬಳು ಫೈಲು ಹಿಡಿದು ಬಂದು ಹಾಸಿಗೆಯ ಪಕ್ಕ ನಿಂತಳು. ಸಕ್ಕರೆ ಇದೆಯೇ, ಬಿಪಿ ಇದೆಯೇ, ಮೊದಲು ಯಾವುದಾದರೂ ಆಪರೇಷನ್ ಆಗಿದೆಯೇ ಎಂದು ಒಂದೇ ರಾಗದಲ್ಲಿ ಕೇಳುತ್ತಾ ಹೋದಳು. ಬೆನ್ನಿನ ತೊಂದರೆ ಯಾವಾಗ ಶುರುವಾಯಿತು ಎಂದಳು.

ನಾನು ಹೇಳುವ ಮೊದಲೇ ನನ್ನ ಗಂಡ ಅಂದರು. "ಚಿಕ್ಕಂದಿನಿಂದ ಇದೆ. ನಮ್ಮ ಅಮ್ಮನಿಂದ ಆದದ್ದಲ್ಲ."

ನರ್ಸ್ ತಲೆಯೆತ್ತಿದಳು. ಅದೆಲ್ಲ ಬೇಕಿಲ್ಲ ಸಾರ್, ಚಿಕ್ಕಂದಿನಿಂದ ಅಂತ ಬರೆದರೆ ಸಾಕು ಎಂದಳು.

"ಬರ್ಕೊಳ್ಳಿ ಅಮ್ಮಾ," ಎಂದರು ಅವರು, ತೆಲುಗಿನಲ್ಲಿ, ಬೇಡಿಕೊಳ್ಳುವ ದನಿಯಲ್ಲಿ. "ನಮ್ಮ ಅಮ್ಮ ಏನೂ ಮಾಡಿಲ್ಲ. ಅವಳ ತಪ್ಪಿಲ್ಲ ಅಂತ ಬರ್ಕೊಳ್ಳಿ."

ಆ ಹುಡುಗಿ ಏನು ಮಾಡಬೇಕೆಂದು ತೋಚದೆ ಪೆನ್ನು ಹಿಡಿದುಕೊಂಡೇ ನಿಂತಳು. ಕಿಟಕಿಯ ಹತ್ತಿರ ಕೂತಿದ್ದ ಅಮ್ಮನಿಗೆ ಮಾತು ತಿಳಿಯದಿದ್ದರೂ ಅಳಿಯನ ದನಿ ತಿಳಿಯಿತು. ಎದ್ದು ಬಂದು ಹಾಸಿಗೆಯ ಕಂಬಿ ಹಿಡಿದು ನರ್ಸಿಗೆ ಕನ್ನಡದಲ್ಲೇ ಹೇಳಿದಳು. "ನನ್ನಿಂದ ಆಗೇತವಾ. ಹೆತ್ತಾಕಿಗೆ ಗೊತ್ತಿತ್ತು, ಮುಚ್ಚಿಟ್ಟಳು ಅಂತ ಬರಿ. ನನ್ನ ಹೆಸರ ಬರಿ."

ನರ್ಸ್ ನನ್ನ ಕಡೆ ತಿರುಗಿದಳು. ಅಜ್ಜಿ ಏನನ್ನುತ್ತಿದ್ದಾರೆ ಎಂದು ಕೇಳಿದಳು.

"ಆಪರೇಷನ್ ಎಷ್ಟು ಹೊತ್ತಿಗೆ ಅಂತ ಕೇಳುತ್ತಿದ್ದಾರೆ," ಎಂದೆ.

ನನ್ನ ಗಂಡ ನನ್ನನ್ನು ನೋಡಿದರು. ಅವರು ತಿದ್ದಬಹುದಿತ್ತು, ತಿದ್ದಲಿಲ್ಲ. ನರ್ಸಿನ ಮುಖ ಸಡಿಲವಾಯಿತು. ಅಮ್ಮನ ಕೈ ಮೇಲೆ ಕೈಯಿಟ್ಟು, ಬೆಳಿಗ್ಗೆ ಮೊದಲನೆಯದೇ ಇವರದು, ಏನೂ ಭಯಪಡಬೇಡಿ ಎಂದು ತೆಲುಗಿನಲ್ಲಿ ಸಮಾಧಾನ ಹೇಳಿದಳು. ತಾನು ಹೇಳಿದ್ದನ್ನು ಅವಳು ಬರೆದುಕೊಂಡಳು ಎಂದೇ ತಿಳಿದ ಅಮ್ಮ, ಅವಳಿಗೆ ಕೈಮುಗಿದಳು.